ನೀರು ಮುಟ್ಟದ ಕಂಬಳಿ

ಗೋವಾಕ್ಕೆ ಹೋಗಿ ಬಂದವರು ಗೋಡಂಬಿ ಪೊಟ್ಟಣ ತರುತ್ತಾರೆ, ಅಲೆಯ ಮುಂದೆ ಕೈ ಚಾಚಿ ನಿಂತ ಫೋಟೋ ತರುತ್ತಾರೆ. ನನ್ನ ಅಂಗಡಿಗೆ ಬರುವ ಗಿರಾಕಿಗಳು, "ನೀನೂ ಹೋಗಿದ್ದೆಲ್ಲಪಾ, ಹೆಂಗೈತಿ ಗೋವಾ?" ಎಂದು ಕೇಳಿದಾಗ ನಾನು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ಬಗ್ಗಿಸುತ್ತೇನೆ. ಚೆನ್ನಾಗಿದೆ. ಸಮುದ್ರ ದೊಡ್ಡದಿದೆ. ಇನ್ನೇನು ಹೇಳಲಿ?

ಹೋದವರು ಮೂವರು: ನಾನು, ನನ್ನ ಸೋದರಮಾವ, ಆತನ ಹೆಂಡತಿ. ನನ್ನದು ಆದವಾನಿಯಲ್ಲಿ ಹೊಲಿಗೆ ಅಂಗಡಿ. ಮಾವ ಮತ್ತು ಅತ್ತೆ ಗೋನೆಗಂಡ್ಲದ ಕಡೆಯ ಹಳ್ಳಿಯಲ್ಲಿ ಕುರಿ ಸಾಕುವವರು. ನಾನು ಬೆಳೆದದ್ದು ಅವರ ಮನೆಯಲ್ಲಿ. ಶಾಲೆಯಲ್ಲಿ ಕಲಿತದ್ದೆಲ್ಲ ತೆಲುಗು. ಕನ್ನಡ ಮಾತ್ರ ಕುರಿಹಟ್ಟಿಯ ಬೇಲಿಗೆ ಒರಗಿಕೊಂಡು ಮಾವನ ಬಾಯಿಂದ ಕೇಳಿ ಕಲಿತೆ. ಆತ ಕಥೆ ಹೇಳಲು ಕುಳಿತರೆ ಕುರಿ ಕೂಡ ಮೆಲುಕು ಹಾಕುವುದನ್ನು ನಿಲ್ಲಿಸುತ್ತದೆ ಎಂದು ಅತ್ತೆ ಹಂಗಿಸುತ್ತಿದ್ದಳು. ಈಗ ಈ ಕಥೆಯನ್ನು ಮಾವ ಹೇಳುವುದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಆದವಾನಿಯಲ್ಲಿ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಸಾವುಕಾರರ ಮನೆಯೊಂದಿದೆ. ಅವರ ಅಜ್ಜನ ಕಾಲಕ್ಕೆ ಫ್ಯಾಕ್ಟರಿ ಇರಲಿಲ್ಲ, ನಾಗಲದಿನ್ನೆಯ ಹತ್ತಿರ ಹೊಳೆದಂಡೆಯ ಹೊಲ ಇತ್ತು. ಸುಗ್ಗಿ ಮುಗಿದ ಮೇಲೆ ನನ್ನ ಮಾವನ ಅಜ್ಜ ತನ್ನ ಕುರಿಹಿಂಡನ್ನು ತಂದು ಆ ಹೊಲದಲ್ಲಿ ನಿಲ್ಲಿಸುತ್ತಿದ್ದನಂತೆ. ಕುರಿ ಹಿಕ್ಕೆಯಿಂದ ಹೊಲಕ್ಕೆ ಕಸುವು ಬರುತ್ತಿತ್ತು, ಕುರಿಗೆ ಮೇವು ಸಿಗುತ್ತಿತ್ತು. ಆ ಇಬ್ಬರು ಅಜ್ಜಂದಿರು ಒಂದು ಮಾತು ಮಾಡಿಕೊಂಡರು. ಸಾವುಕಾರರ ಮನೆಯಲ್ಲಿ ಯಾವ ಮದುವೆಯಾದರೂ ಗದ್ದುಗೆಯ ಕಂಬಳಿ ನಮ್ಮ ಮಾವನ ಮನೆಯದು. ಅದನ್ನು ಹಾಸುವ ಕೈಯೂ ಆ ಮನೆಯದೇ.

ನಮ್ಮ ಕಡೆ ಮದುಮಕ್ಕಳು ಬರಿ ನೆಲದ ಮೇಲೆ, ಚಾಪೆಯ ಮೇಲೆ ಕುಳಿತರೆ ಮದುವೆ ಅನ್ನಿಸುವುದಿಲ್ಲ. ಕರಿ ಕಂಬಳಿ ಹಾಸಿ, ಮೇಲೆ ಅಕ್ಕಿಯಿಂದ ಹಸೆ ಬರೆದು ಕೂಡಿಸಬೇಕು. ಅದೇ ಗದ್ದುಗೆ. ಅಂಗಡಿಯ ಕಂಬಳಿ ಅದಕ್ಕೆ ಬರುವುದಿಲ್ಲ. ಹುಟ್ಟಿನಿಂದಲೇ ಕಪ್ಪಾದ ಉಣ್ಣೆಯನ್ನು ನೂತು, ಮನೆಯ ಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಗಂಜಿ ಬಳಿದು ಬಿಸಿಲಿಗೆ ಒಣಗಿಸಬೇಕು. ಗಂಜಿ ಒಣಗಿದ ಮೇಲೆ ಕಂಬಳಿ ಹಲಗೆಯ ಹಾಗೆ ಸೆಟೆದು ನಿಲ್ಲುತ್ತದೆ. ಆಮೇಲೆ ಮದುವೆಯ ತನಕ ಅದಕ್ಕೆ ಒಂದು ಹನಿ ನೀರು ಸೋಕಿಸುವುದಿಲ್ಲ. ಹಾಸುವವನು ಅಂದು ಉಪವಾಸ ಇರುತ್ತಾನೆ. ಒಂದೇ ಬೀಸಿಗೆ ಹಾಸಬೇಕು. ಹಾಸಿದ್ದನ್ನು ಮದುಮಕ್ಕಳು ಕುಳಿತು ಏಳುವ ತನಕ ಎತ್ತಬಾರದು. ಎತ್ತಿದರೆ ಆ ಮದುವೆಯನ್ನೇ ಎತ್ತಿದಂತೆ. ಇಷ್ಟು ಆದಮೇಲೆ ಊಟದಲ್ಲಿ ಮೊದಲ ಎಲೆ ಅವನಿಗೆ.

ಈಗಿನ ಸಾವುಕಾರರ ಮದುವೆಗೆ ಗದ್ದುಗೆ ಹಾಸಿದವನು ನನ್ನ ಮಾವ. ಆಗಿನ್ನೂ ಮಾವನ ಮೀಸೆ ಕಪ್ಪಗಿತ್ತಂತೆ. ಆಮೇಲೆ ಆ ಮನೆಯ ಒಂದು ಮದುವೆ ಹೈದರಾಬಾದಿನಲ್ಲಾಯಿತು. ಮಾವನನ್ನು ಕರೆಯಲಿಲ್ಲ. ಅಂದಿನಿಂದ ಮಾವ ಆದವಾನಿ ಸಂತೆಗೆ ಬಂದಾಗಲೆಲ್ಲ ಆ ಮನೆಯ ಮುಂದಿನ ದಾರಿ ಬಿಟ್ಟು, ಸುತ್ತು ಬಳಸಿ ನನ್ನ ಅಂಗಡಿಗೆ ಬರತೊಡಗಿದ. ಯಾಕೆ ಮಾವಾ ಅಂದರೆ, "ಆ ಓಣ್ಯಾಗ ನಾಯಿ ಭಾಳ ಅದಾವಪಾ" ಅನ್ನುತ್ತಿದ್ದ. ಆ ಓಣಿಯಲ್ಲಿ ನಾಯಿ ಇರಲಿಲ್ಲ.

ಹೀಗಿರುವಾಗ ಒಂದು ದಿನ ಸಾವುಕಾರರೇ ನನ್ನ ಫೋನಿಗೆ ಮಾಡಿ, ನಿಮ್ಮ ಮಾವನಿಗೆ ಕೊಡು ಎಂದರು. ಮಾವ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದವನು ಎದ್ದು ನಿಂತು ಮಾತಾಡಿದ. ಸಾವುಕಾರರ ದನಿ ನನಗೂ ಕೇಳುತ್ತಿತ್ತು.

"ಯಜಮಾನ, ಮಗಳ ಮದಿವಿ ಇಟ್ಕಂಡೀನಿ. ಗೋವಾದಾಗ, ಸಮುದ್ರದ ದಂಡೀಗೆ. ಕಂಬ್ಳಿ ತಗಂಡು ಬರ್ಬೇಕು ನೋಡು, ನಮ್ಮವ್ವ ಇದ್ದಿದ್ರೆ ಕೇಳ್ತಿದ್ಲು."

"ಬರ್ತೀನ್ರಿ ಸಾವ್ಕಾರ್ರೇ. ಯಾಕ ಬರಂಗಿಲ್ಲ?"

"ಟಿಕೀಟು ನಮ್ಮ ಹುಡುಗರು ಮಾಡ್ಸ್ತಾರ."

"ಬ್ಯಾಡ್ರಿ. ಗದ್ದಿಗಿ ಹಾಸಾಕ ಬರೋರು ಚಾರ್ಜ್ ಇಸ್ಕಂಡು ಬರ್ತಾರೇನ್ರಿ? ನಮ್ಮಪ್ಪ ಇಸ್ಕಂಡಿದ್ನಾ?"

ಫೋನು ಇಟ್ಟ ಮೇಲೆ, ಸಂತೆಗೆಂದು ಜೊತೆಗೆ ಬಂದಿದ್ದ ಅತ್ತೆ ಹೇಳಿದಳು, "ನಿಮ್ಮಪ್ಪ ಆದವಾನಿಗೆ ನಡಕೊಂತ ಬಂದಿದ್ದ. ಗೋವಾಕ್ಕ ನಡಕೊಂತ ಹೋಗ್ತೀರೇನು?" ಆದರೆ ಹೇಳುವಾಗ ಆಕೆಯ ಮುಖವೂ ಅರಳಿತ್ತು. ಮರಳಿ ಕರೆದಿದ್ದಾರೆ ಅನ್ನುವುದು ಇಬ್ಬರಿಗೂ ಸಾಕಾಗಿತ್ತು.

ಈಗ ಕುರಿ ಎಂದರೆ ಎಲ್ಲರೂ ಮಾಂಸಕ್ಕೆ ಮಾರುವ ಕೆಂದ ಕುರಿಯನ್ನೇ ಸಾಕುತ್ತಾರೆ. ಅದರ ಮೈಮೇಲೆ ಉಣ್ಣೆ ಇರುವುದಿಲ್ಲ. ಕರಿ ಉಣ್ಣೆಗೆ ಮಾವ ಸುತ್ತಲಿನ ಊರುಗಳನ್ನೆಲ್ಲ ತಿರುಗಿದ. ಅತ್ತೆ ಅಂಗಳದಲ್ಲಿ ಕುಳಿತು ನೂತಳು. ಕಣ್ಣು ಮಂಜಾಗಿದ್ದರೂ ಬೆರಳಿಗೆ ಕಣ್ಣು ಬೇಕಿರಲಿಲ್ಲ. ಮಗ್ಗ ಅಟ್ಟದಿಂದ ಇಳಿಯಿತು. ನಾನು ನೋಡಲು ಹೋದಾಗ ಗಂಜಿ ಬಳಿದ ಕಂಬಳಿ ಬಿಸಿಲಲ್ಲಿ ನಿಂತಿತ್ತು. ಹೌದು, ಬೇಲಿಗೆ ಆತುಕೊಂಡು ತಾನಾಗಿ ನಿಂತಿತ್ತು. ಮಾವ ಬೆರಳಲ್ಲಿ ಬಡಿದು ತೋರಿಸಿದ. ತಮಟೆಯ ಸದ್ದು ಬಂತು.

"ಹೆಂಗೈತಿ, ಅಳಿಯಾ?"

"ಮದುಮಕ್ಕಳು ಕುಂತ್ರೆ ಸೊಂಟ ನೋಯ್ತೈತಿ ಮಾವಾ."

"ನೋಯ್ಲಿ. ಮದಿವಿ ಅಂದ್ರ ಏನಂತ ಅವತ್ತ ತಿಳೀಲಿ."

ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ, ಸಾಮಾನ್ಯ ಡಬ್ಬಿಯಲ್ಲಿ ನೂಕಿಕೊಂಡು ಹತ್ತಿದೆವು. ಅತ್ತೆ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಬುತ್ತಿ ಕಟ್ಟಿದ್ದಳು. ಕಂಬಳಿಯನ್ನು ಬಿಳಿ ಧೋತರದಲ್ಲಿ ಸುತ್ತಿ ತೊಡೆಯ ಮೇಲೆ ನಿಲ್ಲಿಸಿಕೊಂಡು ಕುಳಿತಳು. ಮೇಲೆ ಸಾಮಾನಿನ ಹಲಗೆಯ ಮೇಲೆ ಇಡೋಣ ಅಂದರೆ, "ಯಾರ್‍ಯಾರ ಚಪ್ಲಿ ಇಟ್ಟಿರ್ತಾರ" ಎಂದಳು. ಹೊಸಪೇಟೆಯ ತನಕ ಒಬ್ಬ, ಹುಬ್ಬಳ್ಳಿಯ ತನಕ ಇನ್ನೊಬ್ಬ ಅದು ಏನು ಎಂದು ಕೇಳಿದರು. ಇಬ್ಬರಿಗೂ ಮಾವ ಇಬ್ಬರು ಅಜ್ಜಂದಿರ ಕಥೆಯನ್ನು ಮೊದಲಿನಿಂದ ಹೇಳಿದ. ಎರಡನೆಯವನಿಗೆ ಹೇಳುವಾಗ ಕುರಿಗಳ ಸಂಖ್ಯೆ ಬಹಳ ಹೆಚ್ಚಾಗಿತ್ತು.

ಗೋವಾದಲ್ಲಿ ಮದುವೆ ಇದ್ದ ರೆಸಾರ್ಟಿನ ಹತ್ತಿರ ನಮ್ಮಂಥವರು ಉಳಿಯುವ ಜಾಗ ಇರಲಿಲ್ಲ. ಅಲ್ಲಿಂದ ಬಸ್ಸಿನಲ್ಲಿ ಬಹಳ ದೂರ, ಮೀನು ಮಾರುಕಟ್ಟೆಯ ಹಿಂದೆ ಒಂದು ಲಾಡ್ಜು ಸಿಕ್ಕಿತು. ಕಿಟಕಿ ತೆರೆದರೆ ಮೀನಿನ ವಾಸನೆ, ಮುಚ್ಚಿದರೆ ಹಾಸಿಗೆಯ ವಾಸನೆ. ಟವೆಲಿಗೆ ಬೇರೆ ಬಾಡಿಗೆ ಅಂದ ಲಾಡ್ಜಿನವನು. ಅತ್ತೆ ಸೆರಗು ತೋರಿಸಿ, "ಇದು ನಂದೇ ಐತಿ ಅಂತ ಹೇಳು ಅವನಿಗೆ" ಎಂದಳು. ಬೀದಿಯಲ್ಲಿ ಎಲ್ಲ ಅಂಗಡಿಯೂ ರಜೆಗೆ ಬಂದವರಿಗಾಗಿ ಇದ್ದವು. ಹ್ಯಾಟು, ಚಡ್ಡಿ, ಬಾಟಲಿ, ಮತ್ತೆ ಹ್ಯಾಟು. ಮೂವರೂ ಒಂದೇ ಎಳನೀರು ಕುಡಿದೆವು. ಮಾರುವವನು ಮೂರು ಸ್ಟ್ರಾ ಹಾಕಿ ಕೊಟ್ಟ. ಅತ್ತೆ ಸ್ಟ್ರಾ ಕಿತ್ತು ಎತ್ತಿ ಕುಡಿದಳು.

ಮಾವ ಸಮುದ್ರ ನೋಡಿದ್ದು ಅವತ್ತೇ ಮೊದಲು. ನೀರಿಗೆ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡ. ಏನಾದರೂ ದೊಡ್ಡ ಮಾತು ಬರುತ್ತದೆ ಎಂದು ನಾನು ಕಾದೆ.

"ಇಷ್ಟು ನೀರೈತಿ," ಎಂದ, "ಒಂದು ಕುರಿಗೆ ಕುಡಿಸಾಕ ಬರಂಗಿಲ್ಲ."

ಮದುವೆಗೆ ಹಿಂದಿನ ದಿನ ಮಧ್ಯಾಹ್ನವೇ ಸಾಮಾನು ತಂದು ಒಪ್ಪಿಸಬೇಕು ಎಂದು ಫೋನು ಬಂತು. ಮದುವೆಯ ಏರ್ಪಾಟು ವಹಿಸಿಕೊಂಡದ್ದು ಹೈದರಾಬಾದಿನ ಯಾವುದೋ ಕಂಪನಿ. ರೆಸಾರ್ಟಿನ ಹೆಬ್ಬಾಗಿಲಿಗೆ ಹೋದರೆ ಕಾವಲುಗಾರ ಹಿಂಬಾಗಿಲಿಗೆ ಕಳಿಸಿದ. ಅಲ್ಲಿ ನಮ್ಮ ಕೈಗೆ ಒಂದೊಂದು ಹಸಿರು ಪಟ್ಟಿ ಕಟ್ಟಿದರು. ಒಳಗೆ ಓಡಾಡುವ ನೆಂಟರ ಕೈಯಲ್ಲಿ ಬಂಗಾರದ ಬಣ್ಣದ ಪಟ್ಟಿ ಇದ್ದದ್ದನ್ನು ನಾನು ನೋಡಿದೆ. ಹಸಿರು ಇದ್ದದ್ದು ಬ್ಯಾಂಡಿನವರಿಗೆ, ಹೂ ಕಟ್ಟುವವರಿಗೆ, ಜನರೇಟರ್ ಹುಡುಗರಿಗೆ. ನಾನು ನನ್ನ ಪಟ್ಟಿಯನ್ನು ಅಂಗಿಯ ತೋಳಿನೊಳಗೆ ಸರಿಸಿಕೊಂಡೆ. ಅತ್ತೆ ಮಣಿಕಟ್ಟು ತಿರುಗಿಸಿ ನೋಡಿಕೊಂಡು, "ಹಸುರು ಹಾಕ್ಯಾರ, ಚಲೋ ಆತು. ಮದಿವಿಗೆ ಹಸುರೇ ಬರಬೇಕು" ಎಂದಳು.

ಸಾಮಾನು ತೆಗೆದುಕೊಳ್ಳಲು ಕರಿ ಟೀ ಶರ್ಟಿನ ಹುಡುಗಿಯೊಬ್ಬಳು ಬಂದಳು. ಒಂದು ಕೈಯಲ್ಲಿ ವಾಕಿಟಾಕಿ, ಇನ್ನೊಂದರಲ್ಲಿ ಫೋನು. ಒಳ್ಳೆಯ ಹುಡುಗಿ, ಅದನ್ನು ಹೇಳಲೇಬೇಕು. ಮಾವನನ್ನು ತೆಲುಗಿನಲ್ಲಿ "ಪೆದ್ದಾಯನಾ", ಹಿರಿಯರೇ, ಎಂದು ಕರೆದಳು, ಅತ್ತೆಗೆ ಕುರ್ಚಿ ತರಿಸಿದಳು.

"ಕಂಬ್ಳಿ ನಾವೇ ಮುಂಜಾನಿ ತರ್ತೀವಿ ಬಿಡವ್ವಾ," ಎಂದಳು ಅತ್ತೆ. ಆಗುವುದಿಲ್ಲವಂತೆ. ಬೆಳಿಗ್ಗೆ ಯಾವ ಗಂಟೂ ಒಳಗೆ ಬಿಡುವುದಿಲ್ಲ, ಇವತ್ತೇ ಎಲ್ಲ ತಪಾಸಣೆ ಆಗಿ ಮಂಟಪದ ಹತ್ತಿರ ಹೋಗಬೇಕು.

ಮಾವ ಧೋತರ ಬಿಚ್ಚಿದ. ಹುಡುಗಿ ಬಗ್ಗಿ ಮುಟ್ಟಿ ನೋಡಿದಳು. ಉಣ್ಣೆಯ ವಾಸನೆ, ಕುರಿಯ ವಾಸನೆ, ಗಂಜಿಯ ವಾಸನೆ ಒಟ್ಟಿಗೆ ಮೂಗಿಗೆ ಬಡಿದಿರಬೇಕು. ಅವಳು ಮೂಗು ಮುರಿಯಲಿಲ್ಲ, ಕಣ್ಣನ್ನಷ್ಟೇ ಮಿಟುಕಿಸಿ, ಇದನ್ನು ಒಗೆದಿದ್ದೀರಾ ಎಂದು ತೆಲುಗಿನಲ್ಲಿ ಕೇಳಿದಳು.

ಮಾವನ ಎದೆ ಉಬ್ಬಿತು. ತನ್ನ ತೆಲುಗು ಸಾಲದೆಂದೋ ಏನೋ, ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ ಎರಡು ಸಲ ಹೇಳಿದ. "ನೀಳ್ಳೇ ತಗಲ್ಲೇದಮ್ಮಾ! ಒಂದು ಹನಿ ನೀರು ಮುಟ್ಟಿಲ್ಲ ಇದಕ್ಕ. ಕುರಿ ಮೈಯಿಂದ ಬಂದದ್ದು ಹೆಂಗೈತೋ ಹಂಗ ಐತಿ!"

ನಮ್ಮ ಹಟ್ಟಿಯಲ್ಲಿ ಕಂಬಳಿಯ ಬಗ್ಗೆ ಇದಕ್ಕಿಂತ ದೊಡ್ಡ ಮಾತಿಲ್ಲ. ನನಗೂ ಆ ಕ್ಷಣ ಹೆಮ್ಮೆಯಾಯಿತು. ಹುಡುಗಿ ನಕ್ಕು ತಲೆಯಾಡಿಸಿದಳು, ಫೋನಿನಲ್ಲಿ ಏನೋ ಬರೆದಳು, ಒಬ್ಬ ಹುಡುಗನನ್ನು ಕೂಗಿ ಕಂಬಳಿ ಎತ್ತಿಸಿದಳು. "ನೀವು ನಿಶ್ಚಿಂತೆಯಾಗಿರಿ ಪೆದ್ದಾಯನಾ, ನಾನು ಚೆನ್ನಾಗಿ ರೆಡಿ ಮಾಡಿಸಿ ಇಡುತ್ತೇನೆ" ಎಂಬರ್ಥದ ಮಾತು ಹೇಳಿದಳು. ರೆಡಿ ಮಾಡಿಸುವುದಕ್ಕೆ ಅದರಲ್ಲಿ ಏನಿದೆ ಎಂದು ಮೂವರಲ್ಲಿ ಯಾರಿಗೂ ಹೊಳೆಯಲಿಲ್ಲ.

ಮರುದಿನ ಮಾವ ಏನೂ ತಿನ್ನದೆ, ಒಗೆದ ಧೋತರ ಉಟ್ಟು, ಹಳದಿ ರುಮಾಲು ಸುತ್ತಿ ತಯಾರಾದ. ರೆಸಾರ್ಟಿನ ಒಳಗೆ ಹುಲ್ಲು ಎಷ್ಟು ಹಸಿರಾಗಿತ್ತೆಂದರೆ ಮಾವ ಕಾಲಿಡಲು ಹಿಂಜರಿದ. "ಕುರಿ ಬಿಟ್ರೆ ಒಂದು ದಿನಕ್ಕ ನುಣ್ಣಗ ಮಾಡ್ತಾವು" ಎಂದ. ಸಮುದ್ರಕ್ಕೆ ಎದುರಾಗಿ ಮಂಟಪ ಕಟ್ಟಿದ್ದರು. ಕಂಬಗಳಿಗೆಲ್ಲ ಬಿಳಿ ಹೂ. ದಾರಿಯ ಪಕ್ಕದಲ್ಲಿ ಒಂದು ಹಳ್ಳಿಮನೆಯ ಸೆಟ್ಟು: ಥರ್ಮಾಕೋಲಿನ ಬಾವಿ, ಬಣ್ಣ ಬಳಿದ ಎತ್ತಿನ ಗಾಡಿ, ಒಂದು ಮಂಚ, ಮಂಚದ ಮೇಲೆ ಬೂದು ಬಣ್ಣದ ಮೆತ್ತನೆಯ ಹೊದಿಕೆ. ನೆಂಟರು ಅಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳು ಮಾವನ ರುಮಾಲು ನೋಡಿ ಆತನನ್ನೂ ಗಾಡಿಯ ಪಕ್ಕ ನಿಲ್ಲಿಸಿಕೊಂಡರು. ಮಾವ ನಗುತ್ತಲೇ ನಿಂತ. "ನೀವು ಸಾವ್ಕಾರ್ರ ಕಡೇರೇನವ್ವಾ?" ಎಂದು ಕೇಳಿದ. ಅವರಿಗೆ ಭಾಷೆ ತಿಳಿಯಲಿಲ್ಲ.

ಮುಹೂರ್ತ ಹತ್ತಿರವಾದಾಗ ಕರಿ ಟೀ ಶರ್ಟಿನ ಹುಡುಗಿ ಅವಸರದಲ್ಲಿ ಬಂದಳು. ಹಿಂದೆ ಒಬ್ಬ ಹುಡುಗ ಪ್ಲಾಸ್ಟಿಕ್ ಕವರು ಹಾಕಿದ ಏನನ್ನೋ ಹ್ಯಾಂಗರಿಗೆ ತೂಗುಹಾಕಿಕೊಂಡು ಹಿಡಿದಿದ್ದ. ಕೋಟು ಇರಬೇಕು ಎಂದುಕೊಂಡೆ ನಾನು. ಅವಳು ಕವರು ಎಳೆದಳು.

ಕಂಬಳಿ.

ನಾನು ಬಟ್ಟೆಯ ಮೇಲೆ ಬದುಕುವವನು, ಆದರೂ ಗುರುತು ಹಿಡಿಯಲು ಹೊತ್ತು ಬೇಕಾಯಿತು. ಯಂತ್ರದ ಬಿಸಿನೀರಿಗೆ ಹಾಕಿ, ಸೋಪಿನಲ್ಲಿ ತಿರುವಿ, ಬಿಸಿಗಾಳಿಯಲ್ಲಿ ಒಣಗಿಸಿದ್ದರು. ಉಣ್ಣೆ ಮುದ್ದೆಗಟ್ಟಿ, ಒಂದಕ್ಕೊಂದು ಕಚ್ಚಿಕೊಂಡು, ಕೂಸಿನ ತೊಟ್ಟಿಲಿಗೆ ಹಾಸುವಷ್ಟಾಗಿ ಕುಗ್ಗಿತ್ತು. ಅಂಚು ಅಲೆಯಲೆಯಾಗಿ ಸೊಟ್ಟಗಾಗಿತ್ತು. ಮಲ್ಲಿಗೆಯ ಸೆಂಟಿನ ವಾಸನೆ ಬರುತ್ತಿತ್ತು.

ಹುಡುಗಿಯ ಮುಖವೂ ಇಳಿದಿತ್ತು. ವಾಸನೆ ಇದೆ, ತೊಳೆದಿಲ್ಲ ಎಂದು ನೀವೇ ಹೇಳಿದಿರಲ್ಲ, ಮದುಮಗಳು ಕೂಡುವಂಥದ್ದು ಎಂದು ಒಳ್ಳೆಯದಕ್ಕೇ ಲಾಂಡ್ರಿಗೆ ಕಳಿಸಿದೆ, ಹೀಗಾಗುತ್ತದೆ ಎಂದು ಯಾರೂ ಹೇಳಲಿಲ್ಲ ಎಂದು ತೆಲುಗಿನಲ್ಲಿ ತಡವರಿಸುತ್ತ ಹೇಳಿದಳು. ಕಣ್ಣಲ್ಲಿ ನೀರು ಬಂದಿತ್ತು.

ಮಾವ ಹ್ಯಾಂಗರಿನಿಂದ ತೆಗೆಯಲೂ ಹೋಗಲಿಲ್ಲ. ಅಂಗೈಯನ್ನು ಅದರ ಮೇಲೆ ಒಮ್ಮೆ ಎಳೆದು ನೋಡಿದ. "ಅಳಬ್ಯಾಡಮ್ಮಾ," ಎಂದ. "ನಾ ಹೇಳಿದ್ದನ್ನ ನೀ ಕೇಳೀದಿ. ಅಷ್ಟ."

ಅತ್ತೆಗೆ ಅಷ್ಟು ಸಮಾಧಾನ ಇರಲಿಲ್ಲ. "ನೀರು ಮುಟ್ಟಿಲ್ಲ ಅಂದ್ರ ತಂದು ನೀರಾಗ ಅದ್ದತಾರೇನ್ರೀ? ಇದೇನು ಇವರ ಬುದ್ಧಿ? ಬೆರಳು ಸವದು ಹೋದಾವು ನನ್ನವು!"

ಅಷ್ಟರಲ್ಲಿ ಸಾವುಕಾರರೇ ಬಂದರು. ಶೇರ್ವಾನಿ, ಕಿವಿಯಲ್ಲಿ ಫೋನಿನ ಬಿಳಿ ಗುಂಡಿ. ವಿಷಯ ಕೇಳಿ ಒಂದು ಗಳಿಗೆ ಕಂಬಳಿ ನೋಡಿದರು. ನಿಜವಾಗಿಯೂ ಕೆಟ್ಟದೆನಿಸಿತೋ, ಹೊತ್ತಾಗುತ್ತಿದೆ ಅನಿಸಿತೋ, ನನಗೆ ಈಗಲೂ ಹೇಳಲಾಗದು.

"ಹೋಗ್ಲಿ ಬಿಡು ಯಜಮಾನ, ಮನಸಿಗೆ ಹಚ್ಕಬ್ಯಾಡ. ಅಲ್ಲಿ ಮಂಚದ ಮ್ಯಾಲೆ ಒಂದು ಐತೆಲ್ಲ, ಅದನ್ನ ಹಾಸು. ಯಾರಿಗೆ ಗೊತ್ತಾಕೈತಿ? ನಿನ್ನ ಕೈಲೆ ಹಾಸಿದ್ರೆ ಮುಗೀತು."

ಹೇಳಿ, ಮಾವನ ಬೆನ್ನು ತಟ್ಟಿ, ಬೀಗರನ್ನು ಎದುರುಗೊಳ್ಳಲು ಓಡಿದರು. ಹುಡುಗ ಸೆಟ್ಟಿನ ಮಂಚದ ಮೇಲಿನ ಹೊದಿಕೆ ತಂದ. ಅದು ಉಣ್ಣೆಯೇ ಅಲ್ಲ. ಗುಲಾಬಿ ಅಂಚು, ಮೂಲೆಯಲ್ಲಿ ಬೆಲೆಯ ಚೀಟಿ ಕತ್ತರಿಸಿದ ಗುರುತು.

ಅತ್ತೆ ಮಾವನ ಕೈ ಹಿಡಿದಳು. "ಬ್ಯಾಡ್ರಿ. ಅವರು ಏನಾರ ಹಾಸ್ಕಳ್ಳಿ. ನೀವು ಮುಟ್ಟಬ್ಯಾಡ್ರಿ ಇದನ್ನ."

"ಅಲ್ಲ, ಮದಿಮಗಳು ಬಂದು ನಿಂತಾಳಲ್ಲ ಅಲ್ಲಿ. ಬರಿ ನೆಲಕ್ಕ ಕುಂದ್ರಬೇಕೇನು ಆ ಕೂಸು?"

"ನೆಲಕ್ಕ ಕುಂದ್ರದಿಲ್ಲ. ಸೋಫಾ ಹಾಕ್ಯಾರ ನೋಡ್ರಿ."

ಹೌದು, ಮಂಟಪದ ನಡುವೆ ಬಿಳಿ ಸೋಫಾ ಇತ್ತು. ಗದ್ದುಗೆಗೆ ಅದರ ಮುಂದೆ ಒಂದಿಷ್ಟು ಜಾಗ ಬಿಟ್ಟಿದ್ದರು. ಮದುಮಕ್ಕಳು ಮೊದಲು ಕೆಳಗೆ ಕುಳಿತು, ಒಂದು ಫೋಟೋ ಆದಮೇಲೆ ಸೋಫಾಕ್ಕೆ ಏರುತ್ತಾರಂತೆ. ಮಾವ ಅದನ್ನೂ ನೋಡಿದ. ನೋಡಿಯೂ ಹೊದಿಕೆ ಎತ್ತಿಕೊಂಡ. ಮುಹೂರ್ತಕ್ಕೆ ಹೆಣ್ಣುಮಗಳನ್ನು ನಿಲ್ಲಿಸಿ ಹೋಗುವುದು ಆತನಿಂದ ಆಗುವ ಕೆಲಸವಲ್ಲ.

ಮಂಟಪಕ್ಕೆ ಹತ್ತಿ, ಮೂಡಣಕ್ಕೆ ಮುಖ ಮಾಡಿ ನಿಂತ. ಬಾಯಲ್ಲಿ ದೇವರ ಹೆಸರು ಹೇಳಿಕೊಂಡ. ಎರಡು ಮೂಲೆ ಹಿಡಿದು ಬೀಸಿದ. ನಾನು ಆ ಬೀಸನ್ನು ಎಷ್ಟೋ ಮದುವೆಗಳಲ್ಲಿ ನೋಡಿದ್ದೇನೆ. ಕಂಬಳಿ ಒಮ್ಮೆ ಗಾಳಿಯಲ್ಲಿ ನೆಟ್ಟಗೆ ತೆರೆದು, ಧಪ್ ಎಂದು ನೆಲಕ್ಕೆ ಬಿದ್ದರೆ ಒಂದು ಸುಕ್ಕೂ ಇರುವುದಿಲ್ಲ. ಆದರೆ ಈ ಹೊದಿಕೆಗೆ ತೂಕವೇ ಇರಲಿಲ್ಲ. ಸಮುದ್ರದ ಗಾಳಿ ಅದನ್ನು ಎತ್ತಿಕೊಂಡಿತು. ಅದು ಮೇಲೆ ಹಾರಿ, ಮಡಚಿ, ಮಾವನ ಮುಖಕ್ಕೇ ಸುತ್ತಿಕೊಂಡಿತು. ರುಮಾಲು ಸಡಿಲಾಗಿ ಭುಜಕ್ಕೆ ಬಿತ್ತು.

ಕುರ್ಚಿಗಳಲ್ಲಿ ಕುಳಿತಿದ್ದವರು ನಕ್ಕರು. ಕೇಡಿನ ನಗು ಅಲ್ಲ. ಚಪ್ಪಾಳೆಯನ್ನೂ ತಟ್ಟಿದರು. ಅದೂ ಒಂದು ಆಟ ಎಂದುಕೊಂಡಿರಬೇಕು.

ವಿಡಿಯೋದವನು ಓಡಿ ಬಂದ. "ಸೂಪರ್ ಅಂಕಲ್! ವನ್ಸ್ ಮೋರ್! ಈ ಸಲ ಸ್ವಲ್ಪ ನಿಧಾನ, ಸ್ಲೋ ಮೋಷನ್ನಲ್ಲಿ ಹಿಡೀತೀನಿ."

ಮಾವ ಮುಖದ ಮೇಲಿನ ಹೊದಿಕೆ ಸರಿಸಿ ಅವನನ್ನು ನೋಡಿದ. "ಎರಡು ಸಲ ಹಾಸಂಗಿಲ್ಲಪಾ ಇದನ್ನ."

"ಅಯ್ಯೋ, ಒಂದೇ ಒಂದು ಟೇಕ್ ಅಂಕಲ್."

ಮಾವ ಕೆಳಗೆ ಬಿದ್ದ ಹೊದಿಕೆಯನ್ನು ಮತ್ತೆ ಮುಟ್ಟಲಿಲ್ಲ. ಕೈ ಬಿಟ್ಟುಕೊಂಡು ನಿಂತ. ಆಗ ಹಸಿರು ಪಟ್ಟಿಯ ಇಬ್ಬರು ಹುಡುಗರು ಬಂದು ಅದನ್ನು ಎತ್ತಿ, ಕೊಡವಿ, ಹಾಸಿ, ಗಾಳಿಗೆ ಹಾರದಂತೆ ನಾಲ್ಕೂ ಮೂಲೆಗೆ ಹೂಕುಂಡ ಇಟ್ಟರು. ವಿಡಿಯೋದವನಿಗೆ ಮೂಲೆ ಸರಿಯಾಗಲಿಲ್ಲ. ಮತ್ತೆ ಎತ್ತಿದರು, ಮತ್ತೆ ಹಾಸಿದರು. ಮಾವ ಅಲ್ಲೇ ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡಿದ. ಕೊನೆಗೆ ಮದುಮಗಳು ಬಂದು ಕುಳಿತಳು. ಕುಳಿತವಳು ತಲೆಯೆತ್ತಿ ಮಾವನನ್ನು ನೋಡಿ, ಒಳ್ಳೆಯ ಮನಸ್ಸಿನಿಂದ, "ಥ್ಯಾಂಕ್ಯೂ ತಾತಾ" ಎಂದಳು. ಮಾವ ಅವಳ ತಲೆಯ ಮೇಲೆ ಕೈಯಿಟ್ಟು ಇಳಿದು ಬಂದ.

ಊಟದ ಹೊತ್ತಿಗೆ ಮೊದಲ ಎಲೆ ಎಂಬ ಮಾತೇ ಇರಲಿಲ್ಲ, ಎಲೆಯೂ ಇರಲಿಲ್ಲ. ಸಾಲು ಸಾಲು ಬೆಳ್ಳಿಯ ಪಾತ್ರೆಗಳು, ಟೋಪಿ ಹಾಕಿದ ಅಡುಗೆಯವರು. ನಾವು ತಟ್ಟೆಯ ಕಡೆಗೆ ಹೋದಾಗ ಒಬ್ಬ ಮಣಿಕಟ್ಟು ನೋಡಿ, ನಯವಾಗಿ, ಹಿಂಬಾಗಿಲ ಹತ್ತಿರದ ಡೇರೆ ತೋರಿಸಿದ. ಹಸಿರು ಪಟ್ಟಿಯವರಿಗೆ ಅಲ್ಲಿ ಪೊಟ್ಟಣದ ಊಟ ಇತ್ತು. ಅತ್ತೆ ಆಗ ಒಮ್ಮೆ ತನ್ನ ಕೈ, ಒಮ್ಮೆ ಅವನ ಮುಖ ನೋಡಿದಳು. ಪಟ್ಟಿಯನ್ನು ಹಲ್ಲಿನಿಂದ ಕಚ್ಚಿ ಹರಿದಳು.

"ನಡೀರಿ. ಬುತ್ತ್ಯಾಗ ಇನ್ನ ರೊಟ್ಟಿ ಅದಾವು."

"ನೀ ಹೊರಗ ನಡಿ," ಎಂದ ಮಾವ. "ನಾ ಸಾವ್ಕಾರ್ರಿಗೆ ಒಂದು ಮಾತು ಹೇಳಿ ಬರ್ತೀನಿ."

"ಏನಂತ?"

"ಬಿಟ್ಟೆ ಅಂತ."

ಅತ್ತೆ ಮಾವನ ತೋಳು ಹಿಡಿದು ನಿಲ್ಲಿಸಿದಳು. ಗದ್ದುಗೆಯ ಹಕ್ಕನ್ನು ಹಾಸುವವನೇ ಬಾಯಿಬಿಟ್ಟು ಬಿಟ್ಟೆನೆಂದರೆ ಅಲ್ಲಿಗೆ ಮುಗಿಯಿತು. ಆ ಮನೆಗೂ ಈ ಮನೆಗೂ ಇದ್ದ ನಂಟು ಹರಿದಂತೆ. ಮುಂದೆ ಮಕ್ಕಳಾಗಲಿ ಮೊಮ್ಮಕ್ಕಳಾಗಲಿ ಕೇಳುವಂತಿಲ್ಲ, ಕರೆಯುವಂತಿಲ್ಲ. ಅದಕ್ಕೇ ಅಂಥ ಮಾತು ಬಂದರೆ ಮನೆಯವರು ಬಿಡಿಸಿಕೊಳ್ಳಲು ಬಿಡುವುದಿಲ್ಲ. ಕೈ ಹಿಡಿಯುತ್ತಾರೆ, ತಪ್ಪಾಯಿತು ಅನ್ನುತ್ತಾರೆ, ಹೆಂಗಸರು ಬಂದು ಕಾಲು ತೊಳೆಯಲು ನೀರು ಕೊಡುತ್ತಾರೆ.

"ಸುಮ್ನ ಹೋಗಾನ ಬರ್ರಿ," ಎಂದಳು ಅತ್ತೆ. "ಯಾಕ ಹೇಳಬೇಕು?"

"ಹೇಳದ ಹೋದ್ರೆ ಕದ್ದು ಹೋದಂಗಾಕೈತಿ. ನಮ್ಮಜ್ಜ ಹೇಳಿ ಹಿಡದದ್ದು, ನಾ ಹೇಳೇ ಬಿಡಬೇಕು."

ಅತ್ತೆ ಆತನ ರುಮಾಲು ಸರಿಮಾಡಿದಳು. "ಹಂಗಾದ್ರ ಹೇಳ್ರಿ. ಅವರು ಬಿಡಂಗಿಲ್ಲ ನೋಡ್ರಿ. ಸಣ್ಣವ್ರಿದ್ದಾಗ ನಿಮ್ಮ ಹೆಗಲ ಮ್ಯಾಲೆ ಕುಂತು ಬೆಳದೋರು. ಬ್ಯಾಡ ಅಂತಾರ, ಕೈ ಹಿಡಕಂತಾರ. ಆವಾಗ ಭಾಳ ಬಿಗಿ ಹಿಡೀಬ್ಯಾಡ್ರಿ ಮತ್ತ."

ಆಕೆ, ಬೆಳಿಗ್ಗೆ ಕಾವಲುಗಾರನ ಹತ್ತಿರ ಬಿಟ್ಟಿದ್ದ ಬುತ್ತಿಗಂಟು ಇಸಿದುಕೊಂಡು ಗೇಟಿನ ಹೊರಗೆ ಹೋದಳು. ಮಾವ, ಹ್ಯಾಂಗರಿಗೆ ಸಿಕ್ಕಿಕೊಂಡಿದ್ದ ಕಂಬಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು, ಸಾವುಕಾರರನ್ನು ಹುಡುಕುತ್ತ ಹೊರಟ. ನಾನು ಹಿಂದೆ ನಡೆದೆ.

ಅವರು ಈಜುಕೊಳದ ಪಕ್ಕ ನಿಂತಿದ್ದರು. ನಮ್ಮನ್ನು ನೋಡಿ ಎರಡೂ ಕೈ ಚಾಚಿದರು. "ಏ ಯಜಮಾನ! ಭಾರೀ ಆತಂತ! ನಿನ್ನ ವಿಡಿಯೋ ಚಲೋ ಬಂದೈತಿ ಅಂದ್ರು. ಬೀಗರಿಗೆ ಭಾಳ ಸೇರೇತಿ."

"ಸಾವ್ಕಾರ್ರೇ, ಒಂದು ಮಾತೈತ್ರಿ."

"ಹೇಳು, ಹೇಳು." ಕಿವಿಯ ಗುಂಡಿಗೆ ಬೆರಳಿಟ್ಟು ಇನ್ನಾರಿಗೋ, "ಆ, ಏರ್‌ಪೋರ್ಟಿಗೆ ಎರಡು ಗಾಡಿ ಕಳ್ಸು" ಎಂದರು.

ಮಾವ ಚಪ್ಪಲಿ ಕಳಚಿ ನಿಂತ. ಇಂಥ ಮಾತು ಹೇಳುವಾಗ ಬರಿಗಾಲಲ್ಲಿ ಇರಬೇಕು. "ನಿಮ್ಮ ಮನಿ ಗದ್ದಿಗಿ ಇವತ್ತಿಗೆ ನಾ ಬಿಟ್ಟೆ. ನಮ್ಮಜ್ಜ ಹಿಡದದ್ದು, ನಾ ಬಿಟ್ಟೆ. ನಿಮಗ ದೇವರು ಚಲೋದು ಮಾಡ್ಲಿ."

ಸಾವುಕಾರರು ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿಲ್ಲ ಎಂದು ನಾನು ಹೇಳಲಾರೆ, ಏಕೆಂದರೆ ಅವರು ಮಾವನನ್ನೇ ನೋಡುತ್ತಿದ್ದರು. "ಹ್ಞೂಂ, ಹ್ಞೂಂ, ಆತು ಯಜಮಾನ," ಎಂದರು. "ಊಟ ಮಾಡ್ಕಂಡು ಹೋಗ್ರಿ ಮತ್ತ. ಹಂಗ ಹೋಗಬ್ಯಾಡ್ರಿ." ಅಷ್ಟರಲ್ಲಿ ಯಾರೋ ಅವರನ್ನು ಫೋಟೋಕ್ಕೆ ಎಳೆದರು.

ಮಾವ ಇನ್ನೂ ಸ್ವಲ್ಪ ಹೊತ್ತು ಬರಿಗಾಲಲ್ಲೇ ನಿಂತಿದ್ದ. ಅವರು ತಿರುಗಿ ಬರುತ್ತಾರೆ ಎಂದು ಕಾದನೋ, ಕೊಳದ ಸುತ್ತಲಿನ ಕಲ್ಲು ಕಾಲಿಗೆ ಸುಡುತ್ತಿದ್ದದ್ದು ತಿಳಿಯಲಿಲ್ಲವೋ. ನಾನೇ ಬಗ್ಗಿ ಚಪ್ಪಲಿಯನ್ನು ಆತನ ಕಾಲ ಹತ್ತಿರ ಸರಿಸಿದೆ.

ಹಿಂಬಾಗಿಲಲ್ಲಿ ಕಾವಲುಗಾರ ತಡೆದ. ಮಾವನ ಕಂಕುಳಲ್ಲಿದ್ದದ್ದನ್ನು ಎಳೆದು ನೋಡಿ, ಲಾಂಡ್ರಿಯ ಚೀಟಿ ಓದಿ, "ಹ್ಯಾಂಗರ್ ಹೋಟೆಲ್ ಕಾ ಹೈ" ಎಂದ. ಹ್ಯಾಂಗರ್ ಬಿಡಿಸಿ ತಾನಿಟ್ಟುಕೊಂಡು, ಕಂಬಳಿ ತಿರುಗಿ ಕೊಟ್ಟ.

ಹೊರಗೆ ಗೋಡೆಯ ನೆರಳಿನಲ್ಲಿ ಅತ್ತೆ ಬುತ್ತಿ ಬಿಚ್ಚಿಕೊಂಡು ಕುಳಿತಿದ್ದಳು. ಬಿಚ್ಚಿದ್ದಳು, ತಿಂದಿರಲಿಲ್ಲ. ನಮ್ಮನ್ನು ಕಂಡು ನಮ್ಮ ಹಿಂದೆ ಯಾರಾದರೂ ಬರುತ್ತಿದ್ದಾರೋ ಎಂದು ಇಣುಕಿದಳು.

"ಹೇಳಿದ್ರೇನು?"

"ಹೇಳ್ದೆ."

"ಏನಂದ್ರು?"

ಮಾವ ಆಕೆಯ ಪಕ್ಕ ಕುಳಿತು ಒಂದು ರೊಟ್ಟಿ ಎತ್ತಿಕೊಂಡ. ಅದನ್ನು ಮುರಿದ. ಆ ದಿನದ ಮೊದಲ ತುತ್ತು ಅದು.

"ಹ್ಞೂಂ ಅಂದ್ರು," ಎಂದ.